ನುಂಗಿಹೋದ ಒಂದು ಎಸ್

ಒಂದು ‘ಎಸ್’ ನುಂಗಿದ್ದಕ್ಕೆ ನಾನು ಸೋತೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ರಹ್ಮಾವರದ ಇಂಗ್ಲಿಷ್ ಚರ್ಚಾಸ್ಪರ್ಧೆಯಲ್ಲಿ ‘ಒನ್ ಆಫ್ ದ ರೀಸನ್ಸ್’ ಎನ್ನಬೇಕಾದಲ್ಲಿ ‘ಒನ್ ಆಫ್ ದ ರೀಸನ್’ ಎಂದದ್ದು ನಿಜ. ನಮ್ಮ ಮಾತಿನಲ್ಲಿ ಹತ್ತು ಬಸ್ಸು ಬಂದರೂ ಅದು ಬಸ್ಸೇ ತಾನೆ? ಆದರೆ ಎದುರು ಪಕ್ಷದಲ್ಲಿದ್ದ ನನ್ನ ಬೈಂದೂರಿನ ಗೆಳತಿ ಎದ್ದು, ‘ಪಾಪ, ಇವಳ ಬಳಿ ಇರುವುದೇ ಒಂದು ಕಾರಣ’ ಎಂದಳು. ಸಭೆ ನಕ್ಕಿತು. ಕಪ್ ಅವಳಿಗೆ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಕಪ್ ಅವಳ ಮಡಿಲಲ್ಲಿತ್ತು. ನನ್ನ ಕಣ್ಣೂ ಅಲ್ಲೇ ಇತ್ತು. ಕೋಟದಲ್ಲಿ ಅಜ್ಜಿಯೊಬ್ಬರು ಇಳಿಯಲು ಎದ್ದಾಗ ಅವಳು ಕಂಡಕ್ಟರಿಗೆ ಕೂಗಿದಳು: “ಹ್ವಾಯ್, ನಿಲ್ಸಿ! ಇಳುಕೆ ಲೇಡೀಸ್ ಒಬ್ರ್ ಇದ್ರ್!”

ಸಿಕ್ಕಿಬಿದ್ದಳು ಎಂದು ನನಗೆ ಹಬ್ಬ. “ಒಬ್ರಿಗೆ ಲೇಡೀಸಾ?” ಎಂದೆ.

“ಬಸ್ಸಂಗೆ ಜಡ್ಜ್ ಇಲ್ಲ ಮಾರಾಯ್ತಿ,” ಎಂದು ನಕ್ಕಳು. ತನ್ನ ತಪ್ಪಿಗೆ ಅವಳು ಹಾಗೆ ನಗಬಲ್ಲಳಲ್ಲಾ ಎಂದು ನನಗೆ ಕಪ್ ಹೋದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಚರ್ಚೆಯಲ್ಲಿ ನಾನು ಕೊಟ್ಟ ಮೂರು ಕಾರಣಗಳಲ್ಲಿ ಒಂದಕ್ಕೂ ಅವಳು ಉತ್ತರ ಹೇಳಿರಲಿಲ್ಲ. ಕೇಳಿಯೇಬಿಟ್ಟೆ: “ನಾ ಆ ಎಸ್ ನುಂಗದೇ ಇದ್ದಿರೆ ನೀ ಎಂತ ಹೇಳ್ತಿದ್ದೆ?”

“ಎಂತ ಹೇಳುದ್? ನನ್ನ ಹತ್ರ ಇದ್ದದ್ದೇ ಆ ಒಂದ್ ರೀಸನ್ಸ್,” ಎಂದಳು.