ರಾಕೆಟ್ ನೋಡಿ ಏಣಿ ಇಳಿದ ಪೇಂಟರ್

ಗೋಡೆಗೆ ಬೆನ್ನು, ಬೀದಿಗೆ ಮುಖ, ಕೈಯಲ್ಲಿ ಬಣ್ಣದ ಡಬ್ಬಿ. ಈ ಪೇಂಟರ್ ಏಣಿ ಇಳಿಯುತ್ತಿದ್ದುದೇ ಹಾಗೆ, ಮಹಡಿ ಮೆಟ್ಟಿಲಿಳಿಯುವ ಮದುಮಗನಂತೆ. ಕೆಳಗೆ ನಾಲ್ಕು ಜನ ನಿಂತಿದ್ದರಂತೂ ಬಾಯಲ್ಲಿ ಸಿಳ್ಳೆ ಬೇರೆ. ಒಂದು ದಿನ ಕಾಲು ಜಾರಿತು. ಬಿದ್ದರೂ ಜಟ್ಟಿಯ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ; ಇವನ ಮೀಸೆಗೂ ಮಣ್ಣಾಗಲಿಲ್ಲ, ಹಸಿರು ಬಣ್ಣವಾಯಿತು. ಮುರಿದ ಕಾಲು ಕೂಡಿಕೊಂಡಿತು. ಧೈರ್ಯ ಕೂಡಲಿಲ್ಲ.

ಅಂದಿನಿಂದ ಏಣಿ ಹತ್ತುವುದು ಹೆಂಡತಿಯ ತಮ್ಮ. ಇವನು ಕೆಳಗೆ ಕೂತು ಬಣ್ಣ ಕಲೆಸುತ್ತಿದ್ದ, ಪುರುಸೊತ್ತಾದರೆ ಫೋನಿನಲ್ಲಿ ರಾಕೆಟ್ ವಿಡಿಯೋ ನೋಡುತ್ತಿದ್ದ. ಮೇಲೆ ಹಾರುವುದನ್ನಲ್ಲ. ಹಾರಿದ ಮೇಲೆ ಅದರ ಕೆಳಭಾಗ ಕಳಚಿಕೊಂಡು, ಬೆಂಕಿ ಉಗುಳುತ್ತ ಹಿಂದಕ್ಕೆ ಬಂದು, ಕಾಲು ಚಾಚಿ ನೆಟ್ಟಗೆ ನಿಲ್ಲುತ್ತದಲ್ಲ, ಅದನ್ನು. ನಿಂತ ಕೂಡಲೇ "ಭಲೇ!" ಎಂದು ತೊಡೆ ತಟ್ಟಿ, ಮತ್ತೆ ಮೊದಲಿನಿಂದ ಹಾಕುತ್ತಿದ್ದ.

ಒಂದು ಸಂಜೆ ಬಾಮೈದ ಬಾಯಿಬಿಟ್ಟ. "ಭಾವ, ಬೇಜಾರು ಮಾಡ್ಕೋಬೇಡಿ. ನಾಳೆ ನೀವು ಹತ್ತಿದ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ಕೆಲಸ ನಾನೇ ಹಿಡೀತೀನಿ. ನೀವು ನನ್ನ ಹತ್ರ ಇರಿ."

ತಾನು ಬ್ರಷ್ ಹಿಡಿಸಿ ಕಲಿಸಿದವನ ಕೈಕೆಳಗೆ! ಪೇಂಟರನಿಗೆ ಊಟ ಸೇರಲಿಲ್ಲ. ಫೋನ್ ಹಿಡಿದು ಕೂತ.

"ಹತ್ತೋಕೆ ಭಯ ಇಲ್ಲ ಕಣೇ, ಇಳಿಯೋದೇ..." ಎಂದ.

ಹೆಂಡತಿ ಇಣುಕಿದಳು. "ಇಷ್ಟು ಸಲ ನೋಡಿದ್ರಲ್ಲ, ಏನು ಕಲಿತ್ರಿ? ಅಷ್ಟೆತ್ತರದಿಂದ ಬರೋ ರಾಕೆಟ್ಟೇ ಬಾಲ ಮುಂದೆ ಮಾಡ್ಕೊಂಡು, ನೆಲ ಹತ್ರ ಬಂದ ಹಾಗೆ ನಿಧಾನ ಮಾಡ್ಕೊಂಡು ಇಳಿಯುತ್ತೆ. ಮೂತಿ ತೋರಿಸ್ಕೊಂಡು ಬರುತ್ತಾ? ನೀವೂ ಗೋಡೆ ನೋಡ್ಕೊಂಡು ಇಳೀರಿ. ನಿಮ್ಮ ಮುಖ ಊರವರೆಲ್ಲ ನೋಡಿಯಾಗಿದೆ."

"ಹೊಸಬರ ಹಾಗೆ ಇಳೀಬೇಕಾ ನಾನು?"

"ಕಾಲು ಮುರ್ಕೊಂಡವರೂ ಹಾಗೇ ಇಳೀತಾರೆ."

ಮರುದಿನ ಬೆಳಿಗ್ಗೆ ಹತ್ತಿದ. ಕಿಟಕಿಯ ಮೇಲಿನ ಪಟ್ಟಿ ಬಳಿದು ಮುಗಿಸಿದ. ಇಳಿಯಹೊರಟಾಗ ಹಳೇ ಚಾಳಿ ಬಿಡಲಿಲ್ಲ. ಮೈ ತಾನಾಗಿಯೇ ಬೀದಿಯತ್ತ ತಿರುಗಿತು. ನೆಲ ಕಣ್ಣಿಗೆ ಬಿತ್ತು. ಅಲ್ಲೇ ನಿಂತುಬಿಟ್ಟ.

"ಭಾವ, ಗೋಡೆ! ಗೋಡೆ ಕಡೆ!" ಏಣಿ ಹಿಡಿದಿದ್ದ ಬಾಮೈದ ಕೂಗಿದ.

ಪೇಂಟರ್ ಡಬ್ಬಿಯನ್ನು ಏಣಿಯ ಕೊಕ್ಕೆಗೆ ನೇತುಹಾಕಿ, ಎರಡೂ ಕೈಯಲ್ಲಿ ಏಣಿ ತಬ್ಬಿ, ಗೋಡೆಗೆ ಮೂಗು ತಾಗುವಷ್ಟು ತಿರುಗಿದ. ಕಾಲ ಬೆರಳಿನಿಂದ ಒಂದೊಂದೇ ಮೆಟ್ಟಿಲು ತಡವುತ್ತ, ಕೆಳಗೆ ಬಂದಷ್ಟೂ ನಿಧಾನವಾಗುತ್ತ ಇಳಿದ. ಹಾದಿಹೋಕರು ನಕ್ಕಿರಬಹುದು, ಅವನಿಗೆ ಕಂಡದ್ದು ಗೋಡೆ ಮಾತ್ರ. ಪಾದ ನೆಲ ಮುಟ್ಟಿತು.

"ನೆಲ ಬಂತು ಭಾವ, ಏಣಿ ಬಿಡಿ. ಆ ಕಡೆ ಗೋಡೆಗೆ ನಾನು ಹತ್ತಬೇಕು."

"ನೀನು ಸ್ವಂತ ಕೆಲಸ ಹಿಡಿಯೋದಾದ್ರೆ ಹೋಗಪ್ಪ, ಹೊಸ ಏಣಿ ತಗೋ," ಎಂದ ಪೇಂಟರ್, ಏದುಸಿರು ಬಿಡುತ್ತ. "ಇದು ನಂದು."