ಎಡೆಬಿಡದೆ ಮೂರು ನಿಮಿಷ

ಕನ್ನಡಕದಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹದಿನಾರು ವರ್ಷದಿಂದ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚನ್ನು ಸಾಣೆ ಹಿಡಿದು ಚೌಕಟ್ಟಿಗೆ ಕೂರಿಸುವವಳು ಅವಳು. ಚಕ್ರದ ಸದ್ದು ಕೂದಲೆಳೆಯಷ್ಟು ಬದಲಾದರೂ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಗಾಜು ಉಳಿಯುತ್ತದೆ. ಇಂಥ ಕಿವಿಯವಳು ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಊರು ಬಿಡುತ್ತಿದ್ದ ಗಿರಾಕಿಯೊಬ್ಬರು ತಮ್ಮ ಹಳೆಯ ಗಿಟಾರನ್ನೂ ಒಂದು ಪುಟ್ಟ ಸ್ಪೀಕರನ್ನೂ ಅವಳಿಗೆ ಕೊಟ್ಟು ಹೋಗಿದ್ದರು. ಫೋನಿನಲ್ಲಿ ಪಾಠ ನೋಡಿಕೊಂಡು, ಬಟ್ಟೆ ನೆನೆಯುವಷ್ಟು ಹೊತ್ತು, ನೆಲ ಆರುವಷ್ಟು ಹೊತ್ತು ಎಂದು ಚೂರುಚೂರಾಗಿ ನಾಲ್ಕು ವರ್ಷ ಕಲಿತಳು.

ಮನೆಯಲ್ಲಿ ಗಂಡನಿಗೆ ಮೇಜಿತ್ತು, ಮಗಳಿಗೆ ಓದುವ ಮೂಲೆಯಿತ್ತು, ಅತ್ತೆಗೆ ಕಿಟಕಿ ಪಕ್ಕದ ಕುರ್ಚಿಯಿತ್ತು. ಅವಳಿಗೆ ಇಡೀ ಮನೆಯೇ ಇತ್ತು, ಗುಡಿಸಲಿಕ್ಕೆ. ಗಿಟಾರು ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಿರುತ್ತಿತ್ತು.

ಒಂದು ಸೋಮವಾರ ಹೆಂಗಸೊಬ್ಬಳು ಅಂಗಡಿಗೆ ಬಂದು, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿಲ್ಲ ಎಂದಳು.

"ತಲೆ ಜಾಸ್ತಿ ಆಡಿಸ್ತೀರಾ?"

"ಡ್ರಮ್ಸ್ ಬಾರಿಸ್ತೀನಿ ಕಣ್ರೀ. ತಲೆ ಆಡಿಸದೆ ಹೇಗೆ ಬಾರಿಸ್ಲಿ?"

ಕನ್ನಡಕದಕ್ಕ ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದಕ್ಕೆ ಸರಿಯಾಗಿ ಬಗ್ಗಿಸುವಷ್ಟರಲ್ಲಿ ಮಾತು ಗಿಟಾರಿಗೆ ಬಂದಿತ್ತು. ಡ್ರಮ್ಮಿನವಳದು ಐದು ಹೆಂಗಸರ ತಂಡ. ಗಿಟಾರಿನವಳು ಬಿಟ್ಟುಹೋಗಿ ತಿಂಗಳಾಗಿತ್ತು.

"ಮೂರು ನಿಮಿಷ ನುಡಿಸಿ ರೆಕಾರ್ಡ್ ಮಾಡಿ ಕಳಿಸಿ. ಏನಾದ್ರೂ ನುಡಿಸಿ, ಮಧ್ಯೆ ಮಾತ್ರ ನಿಲ್ಲಿಸ್ಬೇಡಿ. ಹಿಂದಿನವಳು ಬೆರಳು ತಪ್ಪಿದ ಕೂಡ್ಲೇ ನಿಲ್ಲಿಸಿ ಸಾರಿ ಅಂತಿದ್ಲು. ಹಾಡಿಗಿಂತ ಸಾರಿನೇ ಜಾಸ್ತಿ ಆಗಿತ್ತು. ಶನಿವಾರ ಸಂಜೆಯೊಳಗೆ ಕಳಿಸ್ಬೇಕು, ಇನ್ನೊಬ್ರೂ ಕೇಳಿದ್ದಾರೆ."

ನಾಲ್ಕು ವರ್ಷದಲ್ಲಿ ಒಮ್ಮೆಯೂ ಇನ್ನೊಬ್ಬರ ಜೊತೆ ಕೂತು ನುಡಿಸಿದವಳಲ್ಲ ಅವಳು. ಆ ತಂಡಕ್ಕೆ ಸೇರಬೇಕು ಎಂಬ ಆಸೆ ಅಂದು ಬಸ್ಸಿಳಿಯುವ ಹೊತ್ತಿಗೆ ಎಷ್ಟು ಬೆಳೆದಿತ್ತೆಂದರೆ, ತನ್ನ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದು ವಾಪಸು ನಡೆದುಬಂದಳು.

ಸಂಜೆ ಸ್ಪೀಕರಿನ ಮುಂದೆ ಫೋನ್ ಇಟ್ಟು ನುಡಿಸಿ ಕೇಳಿದರೆ, ಗಿಟಾರು ಎಲ್ಲೋ ಹಿಂದೆ, ಮನೆ ಮುಂದೆ. ಮೊದಲನೆಯದರಲ್ಲಿ ಕುಕ್ಕರಿನ ಸೀಟಿ. ಎರಡನೆಯದರಲ್ಲಿ ಗಂಡನ "ನನ್ನ ನೀಲಿ ಶರ್ಟ್ ಎಲ್ಲೇ?" ಮೂರನೆಯದರಲ್ಲಿ ಅತ್ತೆಯ "ಏ ಹುಡುಗಿ, ಇದ್ಯಾ?" ಸೊಸೆಗೆ ನಲವತ್ತಾರಾದರೂ ಅತ್ತೆಗೆ ಅವಳು ಹುಡುಗಿಯೇ. ಕರೆದಾಗ ಅತ್ತೆಗೆ ಏನೂ ಬೇಕಾಗಿರುತ್ತಿರಲಿಲ್ಲ. ಅವಳು ಮನೆಯಲ್ಲಿದ್ದಾಳೆ ಎಂದು ಖಾತ್ರಿಯಾದರೆ ಸಾಕು.

"ಅಮ್ಮಾ, ಆಡಿಯೊ ಇಂಟರ್‌ಫೇಸ್ ತಗೋ," ಎಂದಳು ಮಗಳು. "ಪುಟ್ಟ ಪೆಟ್ಟಿಗೆ. ಗಿಟಾರಿನ ವೈರು ಅದಕ್ಕೆ, ಅದರಿಂದ ಫೋನಿಗೆ. ಮನೆ ಸದ್ದು ಒಳಗೆ ಹೋಗೋಕೆ ದಾರಿನೇ ಇರಲ್ಲ."

ಆಯ್ಕೆಯ ಕೆಲಸವನ್ನು ಗಂಡ ತಾನಾಗಿ ವಹಿಸಿಕೊಂಡ. ಎರಡು ಸಂಜೆ ವಿಡಿಯೊ ನೋಡಿ, ಎಂಟು ವಾದ್ಯ ಒಟ್ಟಿಗೆ ಜೋಡಿಸಬಹುದಾದ ಒಂದನ್ನು ಹುಡುಕಿ ತೋರಿಸಿದ.

"ನುಡಿಸೋಳು ನಾನೊಬ್ಳು. ಎಂಟು ತೂತು ಯಾಕ್ರೀ?"

"ಮುಂದೆ ಬೇಕಾಗ್ಬಹುದಲ್ಲ?"

"ಮುಂದಿನ ಮಾತು ಮುಂದೆ. ಇದನ್ನಿಡೋಕೆ ಫ್ರಿಜ್ಜೇ ಆಚೆ ಹೋಗ್ಬೇಕು."

ಗುರುವಾರ ಊಟದ ಬಿಡುವಿನಲ್ಲಿ ಗಿಟಾರನ್ನು ಹೆಗಲಿಗೇರಿಸಿಕೊಂಡು ತಾನೇ ವಾದ್ಯದಂಗಡಿಗೆ ಹೋದಳು.

"ಮಗನಿಗಾ ಮೇಡಂ?" ಎಂದ ಅಂಗಡಿಯವನು.

"ಮಗ ಇಲ್ಲ. ಮಗಳಿಗೆ ಇದರ ಹುಚ್ಚಿಲ್ಲ. ಉಳಿದೋಳು ನಾನೇ."

ಅವನು ಎರಡು ಪೆಟ್ಟಿಗೆ ತೆಗೆದಿಟ್ಟು, ದೊಡ್ಡದರ ಗುಣಗಾನ ಶುರುಮಾಡಿದ. ಅವಳು ಕೈಯೆತ್ತಿ ತಡೆದಳು. "ನಾನು ಕಣ್ಣು ಮುಚ್ಚಿಕೊಳ್ತೀನಿ. ಯಾವುದಕ್ಕೆ ಚುಚ್ಚಿದ್ದೀರಿ ಅಂತ ಬಾಯಿ ಬಿಡ್ಬೇಡಿ." ದುಬಾರಿ ಗಾಜೆಂದು ಹೇಳಿದ ಕೂಡಲೇ ಜನರ ಕಣ್ಣಿಗೆ ಅಕ್ಷರ ಇದ್ದಕ್ಕಿದ್ದಂತೆ ಸ್ಪಷ್ಟವಾಗುವುದನ್ನು ಅವಳು ಹದಿನಾರು ವರ್ಷದಿಂದ ನೋಡಿದ್ದಳು.

ಹೆಡ್‌ಫೋನ್ ಹಾಕಿಕೊಂಡು ನುಡಿಸಿದಳು. ಮೊದಲನೆಯದರಲ್ಲಿ ದಪ್ಪ ತಂತಿ ಎದೆಯೊಳಗೆ ಮಿಡಿಯಿತು. ಎರಡನೆಯದರಲ್ಲಿ ಅದೇ ತಂತಿ ಶೀತವಾದವರ ಗಂಟಲಿನಂತಿತ್ತು. "ಇದರಲ್ಲಿ ಜೀವ ಇಲ್ಲ," ಎಂದಳು. ಅವನು ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಗಿಟಾರಿಗೆಂದೇ ಇರುವ ಪುಟ್ಟ ಸ್ವಿಚ್ಚನ್ನು ಒತ್ತಲು ಮರೆತಿದ್ದ. ಪೆಟ್ಟಿಗೆ ಅವಳ ಗಿಟಾರನ್ನು ಮೈಕೆಂದು ತಿಳಿದಿತ್ತು. ಸ್ವಿಚ್ ಒತ್ತಿದ ಮೇಲೆ ಮತ್ತೆ ನಾಲ್ಕು ಸಲ ಅದಲುಬದಲು ಮಾಡಿಸಿದಳು.

"ಈಗ ಎರಡೂ ಒಂದೇ."

"ಒಂದೇ ಅಂದ್ಬಿಟ್ರೆ ಹೇಗೆ ಮೇಡಂ!"

"ನಮ್ಮಂಗಡೀಲಿ ಹಾಗನ್ನೋ ಗಿರಾಕಿನೇ ನಾವು ನಂಬೋದು. ಸರಿ, ಇದಕ್ಕೆ ಗೋಡೆ ಕರೆಂಟ್ ಬೇಕಾ?"

ದೊಡ್ಡದಕ್ಕೆ ಬೇಕಿತ್ತು. ಸಣ್ಣದು ಫೋನಿನ ಕರೆಂಟಿನಲ್ಲೇ ನಡೆಯುತ್ತಿತ್ತು. ಅಡುಗೆಮನೆಯಲ್ಲಿದ್ದ ಎರಡು ಪ್ಲಗ್ಗಿಗೂ ಫ್ರಿಜ್ಜು, ಮಿಕ್ಸಿ ಅಂಟಿಕೊಂಡಿದ್ದವು. ಆಮೇಲೆ ಅವಳು ನೀರಿನ ಬಾಟಲಿ ತೆಗೆದು ಬೆರಳು ಒದ್ದೆ ಮಾಡಿಕೊಂಡಳು. ಅಂಗಡಿಯವನು ಗಾಬರಿಯಾದ.

"ಒಳಗೆ ನೀರು ಬಿಡಲ್ಲ, ಹೆದರ್ಬೇಡಿ. ಒದ್ದೆ ಕೈಗೆ ಗುಂಡಿ ತಿರುಗುತ್ತಾ ಅಂತ ನೋಡ್ತೀನಿ. ನನ್ನ ಕೈ ಒಣಗಿರೋದೇ ಅಪರೂಪ."

ದೊಡ್ಡದರ ನುಣುಪು ಗುಂಡಿ ಜಾರಿತು. ಸಣ್ಣದರಲ್ಲಿ ಗೀರು ಗೀರಾದ ಒಂದೇ ದಪ್ಪ ಗುಂಡಿ ಇತ್ತು, ನೋಡದೆಯೂ ಕೈಗೆ ಸಿಗುತ್ತಿತ್ತು. ಅಂಗೈಯಗಲದ ಆ ಪೆಟ್ಟಿಗೆ ಅವಳ ಕೈಚೀಲಕ್ಕೆ ಬಂತು.

ಅಂದು ಸಂಜೆಯೇ ಮಗಳ ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡು ನುಡಿಸಿದಳು. ಮಗಳು ಹೇಳಿದ್ದು ನಿಜ: ಕುಕ್ಕರು ಕೂಗಿದ್ದು ರೆಕಾರ್ಡಿನಲ್ಲಿ ಇರಲೇ ಇಲ್ಲ, ಯಾರ ದನಿಯೂ ಇರಲಿಲ್ಲ. ಗಿಟಾರು ತೊಳೆದಿಟ್ಟ ಗಾಜಿನ ಹಾಗಿತ್ತು. ಆದರೆ ನಡುನಡುವೆ ನಿಂತುಹೋಗಿತ್ತು. ಕರೆದ ದನಿ ಒಳಗೆ ಬಂದಿರಲಿಲ್ಲ. ಕರೆಗೆ ಎದ್ದುಹೋದ ಕೈ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಅದನ್ನೇ ಕೇಳುತ್ತ ಕೂತಿರುವಾಗ ಅತ್ತೆ, "ನನಗೂ ಹಾಕು ಅದನ್ನ," ಎಂದರು. ನರೆತ ತಲೆಯ ಮೇಲೆ ಹೆಡ್‌ಫೋನ್ ಕೂರಿಸಿದಳು. ಅತ್ತೆ ಕಣ್ಣರಳಿಸಿ ಕೇಳಿದರು. ಸ್ವಲ್ಪ ಹೊತ್ತಿಗೆ ಬೆರಳೆತ್ತಿದರು.

"ಇಲ್ಲಿ ಯಾಕೆ ನಿಲ್ಲಿಸ್ದೆ?"

"ನೀವು ಕರೆದ್ರಿ."

"ಇಲ್ಲಿ?"

"ನಿಮ್ಮ ಮಗ ಕರೆದ್ರು."

"ಇಲ್ಲಿ?"

ಅವಳು ನೆನಪು ಮಾಡಿಕೊಂಡಳು. "ಅಲ್ಲಿ ಯಾರೂ ಕರೀಲಿಲ್ಲ ಅತ್ತೆ. ಕರೀತಾರೇನೋ ಅಂತ ನಾನೇ ನಿಲ್ಲಿಸ್ದೆ."

ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದರ ಮೆತ್ತೆಯನ್ನು ಹೆಬ್ಬೆರಳಿನಿಂದ ಸವರಿದರು. "ನಾನು ಸ್ನಾನ ಮಾಡ್ತಿದ್ದಿದ್ದೂ ಹಾಗೇ," ಎಂದರು. "ನೀರು ನಿಲ್ಲಿಸಿ ನಿಲ್ಲಿಸಿ. ಯಾರಾದ್ರೂ ಕೂಗಿದ್ರೆ ಕೇಳಿಸ್ಲಿ ಅಂತ."

ಶನಿವಾರ ಅವಳಿಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಹತ್ತಕ್ಕೆ ಅತ್ತೆ ತಮ್ಮ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಕಿ, ಸೊಸೆಗೆ ಬೆನ್ನು ಮಾಡಿ, ಮನೆಗೆ ಮುಖ ಮಾಡಿ ಕೂತರು.

"ಹೂಂ, ಬಾರಿಸು."

ಗಂಡ ಬಂದ. "ಅಮ್ಮ, ಕತ್ತರಿ ಎಲ್ಲಿ, ಅವಳನ್ನ ಸ್ವಲ್ಪ..."

"ಈ ಮನೆಗೆ ನೀನೇನು ನೆಂಟನಾ? ಹುಡುಕು."

ಅವಳು ಆಗಲೇ ನಿಲ್ಲಿಸಿದ್ದಳು. ಎರಡನೆಯ ಸಲ ಯಾರೂ ಬರಲಿಲ್ಲ; ಆದರೂ ಒಂದೂವರೆ ನಿಮಿಷಕ್ಕೆ ಕೈ ತಡೆಯಿತು. ತಂತಿಗಳ ಸಣ್ಣ ಟಿಣಿಟಿಣಿ ನಿಂತದ್ದು ಗೊತ್ತಾಗಿ ಅತ್ತೆ ತಿರುಗದೆಯೇ ಹೇಳಿದರು:

"ಯಾರೂ ಕರೀಲಿಲ್ಲ ಮಗಳೇ. ಬಾರಿಸು."

ಹುಡುಗಿ ಎನ್ನುತ್ತಿದ್ದವರು ಮಗಳೇ ಎಂದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಮತ್ತೆ ಮೊದಲಿಂದ ಹಿಡಿದಳು. ಎರಡನೆಯ ನಿಮಿಷದಲ್ಲಿ ಬೆರಳು ತಂತಿಯ ಮೇಲೆ ಒಂದು ಮನೆ ತಪ್ಪಿ ಬಿತ್ತು, ಎದ್ದು ಕಾಣುವಂಥ ತಪ್ಪು. ನಿಲ್ಲಿಸಲಿಲ್ಲ. ಮೂರು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗಿಸಿ, ಮರುಯೋಚನೆ ಬರುವ ಮೊದಲೇ ಕಳಿಸಿದಳು.

ಉತ್ತರ ಬಂದಾಗ ಅವಳ ಕೈಯಲ್ಲಿ ಅರ್ಧ ಸಾಣೆ ಹಿಡಿದ ಗಾಜಿತ್ತು. "ಮಧ್ಯೆ ಚೆನ್ನಾಗೇ ತಪ್ಪಿದ್ರಿ. ನಿಲ್ಲಿಸ್ಲಿಲ್ಲ. ಮಂಗಳವಾರ ಐದಕ್ಕೆ ಬನ್ನಿ."

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಗಂಡನ ಮುಖ ಅರಳಿತು. "ಮಂಗಳವಾರ ಐದಕ್ಕಾ? ಹಾಗಾದ್ರೆ ಸಂಜೆ ಅಡುಗೆ..." ಎಂದವನು ಅಮ್ಮನ ಕಡೆ ನೋಡಿ, ಮಾತನ್ನು ಅಲ್ಲಿಗೇ ನುಂಗಿದ. "ನಾನು ಗಾಡೀಲಿ ಬಿಡ್ಲಾ?"

"ಬಸ್ಸಲ್ಲಿ ಹೋಗ್ತೀನಿ. ನೀವು ಮನೇಲಿರಿ."

"ಎಷ್ಟೊತ್ತಿಗೆ ಬರ್ತೀಯ?"

"ಗೊತ್ತಿಲ್ಲ," ಎಂದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.