ಹುಣಸೆಗೂ ಇಲಿಗೂ ಒಂದೇ ಹೆಸರು

ವಡೋದರಾದ ಪಾತ್ರೆ ಅಂಗಡಿಯೊಂದರಲ್ಲಿ ಸ್ಟೀಲಿನ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸವಾಗಿತ್ತು. ಅಪ್ಪನಿಗೆ ರೈಲ್ವೆಯಲ್ಲಿ ಅರಸೀಕೆರೆಯಿಂದ ಅಲ್ಲಿಗೆ ವರ್ಗವಾದ ಮೇಲೆ ನಾವು ಅಲ್ಲಿಯವರೇ ಆಗಿಬಿಟ್ಟಿದ್ದೆವು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಗುಜರಾತಿಯಾಗಲಿ ಇಂಗ್ಲಿಷಾಗಲಿ, ಬರೆದುಕೊಟ್ಟರೆ ಅದಕ್ಕಿಂತ ಚೆಂದವಾಗಿ ಕೊರೆದುಕೊಡುತ್ತಿದ್ದೆ. ಇದು ಜಂಬವೇ, ಸುಳ್ಳಲ್ಲ.

ತಂಗಿ ಓದಿದಳು. ಗಿಡಮರವೆಂದರೆ ಅವಳಿಗೆ ಹುಚ್ಚು. ಬಿ.ಎಸ್ಸಿ. ಮುಗಿಸಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಶಾಲೆಯ ಮಕ್ಕಳಿಗೆ ತೋರಿಸಲು ಅಲ್ಲಿ ಒಂದು ಕೋಣೆ ಸಿದ್ಧವಾಗುತ್ತಿತ್ತು. ಕಿಟಕಿಯ ಸಾಲಿನಲ್ಲಿ ಕುಂಡದ ಸಸಿಗಳು, ಗೋಡೆಯ ಪಕ್ಕ ಗಾಜಿನ ಭರಣಿಗಳಲ್ಲಿ ಪ್ರಾಣಿಗಳು. ಅದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟರೆ ಕೆಲಸ ಕಾಯಂ ಮಾಡುತ್ತೇವೆ ಎಂದು ಪ್ರಾಂಶುಪಾಲೆ ಅವಳಿಗೆ ಮಾತು ಕೊಟ್ಟಿದ್ದರು.

ಲ್ಯಾಟಿನ್ ಹೆಸರುಗಳನ್ನು ಅಲ್ಯೂಮಿನಿಯಂ ಬಿಲ್ಲೆಗಳ ಮೇಲೆ ಕೊರೆಯುವ ಕೆಲಸ ನನಗೆ ಬಂತು. ಆ ವಾರ ಅವಳು ಪರೀಕ್ಷೆ ಬರೆಯಲು ಅಹಮದಾಬಾದಿಗೆ ಹೋಗಬೇಕಿತ್ತು.

"ಅಣ್ಣ, ನಾನು ಬರ್ದಿರೋ ಹಂಗೇ ಕೊರಿ. ನಿನ್ ಕಲೆ ಏನೂ ಸೇರಿಸ್ಬೇಡ" ಎಂದಳು.

"ಹೋಗೇ, ಈ ಊರಿನ ಅರ್ಧ ಲೋಟ ನನ್ ಕೈಯಲ್ಲೇ ಹೆಸರು ಬರೆಸ್ಕೊಂಡಿರೋದು."

"ಲೋಟ ಬೇರೆ, ಇದು ಬೇರೆ ಮಾರಾಯ!"

ಇದು ಬೇರೆ ಎಂದು ನನಗೆ ಅನ್ನಿಸಲಿಲ್ಲ. ಮಾವು, ಮ್ಯಾಂಜಿಫೆರಾ ಇಂಡಿಕಾ. ಹಿಪ್ಪುನೇರಳೆ, ಮೋರಸ್ ಇಂಡಿಕಾ. ಬೇವು, ಅಜಾಡಿರಾಕ್ಟಾ ಇಂಡಿಕಾ. ಜೇನುಹುಳ, ಏಪಿಸ್ ಇಂಡಿಕಾ. ಹುಣಸೆ, ಟ್ಯಾಮರಿಂಡಸ್ ಇಂಡಿಕಾ. ಹೊಲದ ಇಲಿ, ಟಟೆರಾ ಇಂಡಿಕಾ. ಎಲ್ಲಿ ನೋಡಿದರೂ ಇಂಡಿಕಾ. ನಗು ಬಂತು. ನಮ್ಮೂರ ಶಾಲೆಯಲ್ಲಿ ಒಂದೇ ಹೆಸರಿನ ಮೂರು ಹುಡುಗರಿದ್ದರೆ ಮೇಷ್ಟ್ರು ಇನಿಷಿಯಲ್ ಹಿಡಿದು ಕೂಗುತ್ತಿದ್ದರು. ನಮ್ಮ ಕಡೆ ಹೆಸರಿನ ವ್ಯವಸ್ಥೆಯೇ ಹಾಗೆ. ಮುಂದೆ ಊರಿಗೆ ಒಂದಕ್ಷರ, ಅಪ್ಪನಿಗೆ ಒಂದಕ್ಷರ, ಕೊನೆಗೆ ಬರುವ ಸ್ವಂತ ಹೆಸರು ಮಾತ್ರ ಪೂರ್ತಿ. ಪಾತ್ರೆಯ ಮೇಲೂ ಹಾಗೆಯೇ ಕೊರೆದು ರೂಢಿ. ಬಿಲ್ಲೆ ಹೆಬ್ಬೆರಳಿನಷ್ಟಗಲ, ಮೊದಲ ಪದವೋ ಗೂಡ್ಸ್ ಗಾಡಿಯಷ್ಟುದ್ದ. ನಾನು ಎಂ. ಇಂಡಿಕಾ, ಎ. ಇಂಡಿಕಾ, ಟಿ. ಇಂಡಿಕಾ ಎಂದು ದುಂಡಗೆ ಕೊರೆದೆ. ಒಂದೊಂದೂ ಎರಡೆರಡು ಸಲ ಬಂದಾಗಲೂ ಕೈ ತಡೆಯಲಿಲ್ಲ. ಕೋಣೆ ತೆರೆಯುವ ದಿನ ಬೆಳಿಗ್ಗೆ ನಾನೇ ಹೋಗಿ, ಕಾಲೇಜಿನ ಜವಾನರ ಜೊತೆ ಸೇರಿ ಎಲ್ಲವನ್ನೂ ತಂತಿಯಿಂದ ಕಟ್ಟಿದೆ. ತಂಗಿ ಇನ್ನೂ ಅಹಮದಾಬಾದಿನಲ್ಲಿದ್ದಳು.

ಅತಿಥಿಗಳ ಹಿಂದೆ ಮಕ್ಕಳು ಸಾಲಾಗಿ ಬಂದರು. ಎರಡು ಜಡೆಯ ಒಬ್ಬಳು ಹುಣಸೆ ಸಸಿಯ ಬಿಲ್ಲೆ ಓದಿದಳು, ಇಲಿಯ ಭರಣಿಗೆ ಕಟ್ಟಿದ್ದನ್ನೂ ಓದಿದಳು. ಆಮೇಲೆ ಗಟ್ಟಿಯಾಗಿ ಕೇಳಿದಳು: "ಟೀಚರ್, ಆಂಬ್ಲಿ ಅನೇ ಉಂದರ್ ಭಾಯಿ-ಭಾಯಿ?" ಹುಣಸೆಯೂ ಇಲಿಯೂ ಅಣ್ಣತಮ್ಮಂದಿರೇ ಎಂದು! ಮಕ್ಕಳು ಬಿದ್ದು ಬಿದ್ದು ನಕ್ಕರು. ಇನ್ನೊಬ್ಬ ಹುಡುಗ ಬೇವಿಗೂ ಜೇನಿಗೂ ನೆಂಟಸ್ತಿಕೆ ಹುಡುಕಿದ. ಅತಿಥಿಗಳೂ ನಕ್ಕರು. ಪ್ರಾಂಶುಪಾಲೆ ನಗಲಿಲ್ಲ.

ನನ್ನನ್ನು ಹೊರಗೆ ಕರೆದು ಹಿಂದಿಯಲ್ಲಿ ಹೇಳಿದರು: "ಇಂಡಿಕಾ ಅಂದರೆ ಭಾರತದ್ದು ಅಂತ ಅಷ್ಟೇ. ಅದನ್ನು ಮರಕ್ಕೂ ಇಡುತ್ತಾರೆ, ಹುಳಕ್ಕೂ ಇಡುತ್ತಾರೆ. ಯಾವ ಕುಲ ಅಂತ ಹೇಳುವುದೇ ಮೊದಲ ಪದ. ಅದನ್ನೇ ಕತ್ತರಿಸಿದರೆ ಉಳಿಯುವುದೇನು? ಹೀಗೆ ಮಾಡಲು ಯಾರು ಹೇಳಿದರು?"

ಸುತ್ತ ಮೇಷ್ಟ್ರುಗಳು ನಿಂತಿದ್ದರು. ತಾನು ಕೊರೆದದ್ದೇ ತನಗೆ ಅರ್ಥವಾಗದವನು ಎಂದು ಅವರೆದುರು ಅನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. "ತಂಗಿಯೇ ಹೇಳಿದ್ದು, ಮೇಡಂ" ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಮರುದಿನ ಅವಳು ಅಹಮದಾಬಾದಿನಿಂದ ಬಂದಾಗ ಅವಳನ್ನು ಕೇಳಿದರು. ನಿಜ ಹೇಳಿದರೆ ಅಣ್ಣ ಸುಳ್ಳುಗಾರನಾಗುತ್ತಾನೆ. ಅವಳು ಹೌದು ಎಂದಳಂತೆ. ತಿಂಗಳು ಮುಗಿದ ಮೇಲೆ ಬರಬೇಡ ಎಂದರು. ಮನೆಯಲ್ಲಿ ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆನೇನೋ.

ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಬಟ್ಟೆಗೆ ಹಾಕುವ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಳೆಗಾಲ ಕಳೆದ ಮೇಲೆ ನೋಡಲು ಹೋದೆ. ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅವಳ ಉಗುರುಗಳ ಸಂದಿಯಲ್ಲಿ ನೀಲಿ.

"ಇಲ್ಲಿ ಒಂದು ಗಿಡಾನೂ ಇಲ್ವಲ್ಲೇ" ಎಂದೆ.

"ಇದ್ವು, ಒಣಗೋದ್ವು" ಎಂದಳು.

"ಬೇರೆ ಕಾಲೇಜಲ್ಲಿ ಕೇಳಿ ನೋಡಬಾರದಾ?"

"ಕೇಳ್ದೆ. ಅವರು ಹಳೇ ಕಾಲೇಜಿಗೆ ಫೋನ್ ಮಾಡ್ತಾರೆ ಅಣ್ಣ. ಹುಣಸೆಗೂ ಇಲಿಗೂ ವ್ಯತ್ಯಾಸ ಗೊತ್ತಿಲ್ದೋಳು ಅಂತ ಅಲ್ಲಿಂದ ಹೇಳ್ತಾರೆ."

"ತಪ್ಪು ನಂದು ಕಣೇ."

"ನಂಗೇನಕ್ಕೆ ಹೇಳ್ತೀಯ? ನಂಗೆ ಗೊತ್ತಿಲ್ವಾ?"

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಆ ಒಂದು ಪ್ರಶ್ನೆಗೆ ಕೆಲಸಕ್ಕೆ ಬಾರದಂತಾದವು. ನಾನು ತಪ್ಪೊಪ್ಪಿಕೊಳ್ಳಬೇಕಾದದ್ದು ಅವಳ ಹತ್ತಿರ ಅಲ್ಲ.

ವಡೋದರಾಕ್ಕೆ ಹಿಂತಿರುಗಿದವನು ಸೋಮವಾರವೇ ಕಾಲೇಜಿಗೆ ಹೋದೆ. ಪ್ರಾಂಶುಪಾಲೆಯ ಕೋಣೆಯಲ್ಲಿ ಮತ್ತಿಬ್ಬರು ಮೇಷ್ಟ್ರುಗಳೂ ಇದ್ದರು. ಇರಲಿ, ಅದೇ ಒಳ್ಳೆಯದು ಅನ್ನಿಸಿತು. "ಅವಳು ಪೂರ್ತಿ ಹೆಸರೇ ಬರೆದುಕೊಟ್ಟಿದ್ದಳು. ಕತ್ತರಿಸಿದ್ದು ನಾನು. ಅವಳು ಹೇಳಿದಳು ಅಂತ ಸುಳ್ಳು ಹೇಳಿದ್ದೂ ನಾನೇ" ಎಂದೆ.

ಪ್ರಾಂಶುಪಾಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಜಾಗಕ್ಕೆ ಬೇರೆಯವರು ಬಂದಾಯಿತು."

"ಜಾಗ ಕೇಳಲು ಬಂದಿಲ್ಲ, ಮೇಡಂ. ಯಾರಾದರೂ ಫೋನ್ ಮಾಡಿದರೆ ನಿಜ ಹೇಳಿ."

ಹೇಳುತ್ತೇನೆ ಎಂದರು. ಕೂರಲು ಹೇಳಲಿಲ್ಲ, ನಾನೂ ಕೂರಲಿಲ್ಲ.

ಎಸ್.ಟಿ.ಡಿ. ಬೂತಿನಿಂದ ತಂಗಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳ ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಎಲ್ಲರ ಮುಂದೆ ಹೇಳ್ದಾ?"

"ಇಬ್ಬರು ಮೇಷ್ಟ್ರುಗಳಿದ್ರು."

"ಸರಿ. ಹಂಗಾದ್ರೆ ನಾಳೆ ಇನ್ನೊಂದು ಅರ್ಜಿ ಹಾಕ್ತೀನಿ" ಎಂದಳು. ನನ್ನ ಬಗ್ಗೆ ಏನೂ ಹೇಳದೆ ಫೋನ್ ಇಟ್ಟಳು.